ದೋಣಿಯಲ್ಲಿ ಬಂದವರು ದೇಶಕ್ಕೆ ಅಪಾಯ ಆಗಿದ್ದು ಹೇಗೆ?

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವನು. ಓದಲು ಅಂತ ಮೆಲ್ಬರ್ನ್‌ಗೆ ಬಂದು ಹನ್ನೊಂದು ವರ್ಷ ಆಯ್ತು, ಈಗ ಪಿಆರ್, ಅಂದರೆ ಇಲ್ಲೇ ಶಾಶ್ವತವಾಗಿ ಇರುವ ಅನುಮತಿ, ಸಿಕ್ಕಿದೆ. ಇಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ದೋಣಿಯಲ್ಲಿ ಬರುವವರ ಮಾತು ಏಳುತ್ತದೆ. ಗಡಿ, ಭದ್ರತೆ, ಅಪಾಯ ಅಂತ. ನಮ್ಮ ಕನ್ನಡದ ಗೆಳೆಯರೂ ಊಟಕ್ಕೆ ಸೇರಿದಾಗ ಅದನ್ನೇ ಹೇಳುತ್ತಾರೆ. ನಾವೂ ವಲಸೆ ಬಂದವರೇ ಅಲ್ವಾ? ವಲಸೆ ನಿಜಕ್ಕೂ ದೇಶದ ಭದ್ರತೆಯ ಪ್ರಶ್ನೆಯೇ, ಅಥವಾ ಸರ್ಕಾರಗಳು ಅದನ್ನು ಹಾಗೆ ಮಾಡುತ್ತವೆಯೇ? ಮಾಡುವುದಾದರೆ ಹೇಗೆ?

ಉತ್ತರ: ನೀವಿರುವ ದೇಶದ್ದೇ ಒಂದು ಫೋಟೋದಿಂದ ಶುರು ಮಾಡುತ್ತೇನೆ. ತರಗತಿಯಲ್ಲಿ ಪ್ರತಿ ವರ್ಷ ಇದನ್ನು ತೋರಿಸುತ್ತೇನೆ. ಸುತ್ತ ನೀರು. ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡ ಜನ. ಅವರ ನಡುವೆ ಮಕ್ಕಳು. ಪಕ್ಕದಲ್ಲಿ ಈಜುತ್ತಾ ಅವರನ್ನು ಹಿಡಿದುಕೊಂಡಿರುವ ನೌಕಾಪಡೆಯ ಸಿಬ್ಬಂದಿ. "ಇಲ್ಲಿ ಏನು ನಡೀತಿದೆ?" ಅಂತ ಕೇಳುತ್ತೇನೆ. ಹೆಚ್ಚು ಕಡಿಮೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಮುಳುಗುತ್ತಿರುವವರನ್ನು ಕಾಪಾಡುತ್ತಿದ್ದಾರೆ.

ಅವರು ಹೇಳಿದ್ದು ಸರಿ. ಆದರೆ 2001ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಜನ ಈ ಫೋಟೋ ನೋಡಿದಾಗ ಅವರಿಗೆ ಬೇರೆಯೇ ಕಥೆ ಹೇಳಲಾಗಿತ್ತು. ಇವರು ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದವರು, ಅದಕ್ಕೆ ಇದೇ ಸಾಕ್ಷಿ ಅಂತ. ಕಾಪಾಡುವ ಚಿತ್ರ ಎಸೆಯುವ ಚಿತ್ರ ಆಯ್ತು. ಇದು ಹೇಗೆ ಸಾಧ್ಯವಾಯಿತು ಅಂತ ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಥೆ ಅದಕ್ಕಿಂತ ಆರು ವಾರ ಹಿಂದೆ ಶುರುವಾಗುತ್ತದೆ. ಆಗಸ್ಟ್ ಕೊನೆಯಲ್ಲಿ ಇಂಡೋನೇಷ್ಯಾದಿಂದ ಹೊರಟ ಒಂದು ಮರದ ಮೀನುಗಾರಿಕೆ ದೋಣಿಯ ಎಂಜಿನ್ ಹಿಂದೂ ಮಹಾಸಾಗರದ ನಡುವೆ ಕೆಟ್ಟು ನಿಂತಿತು. ಒಳಗೆ ನಾನೂರಕ್ಕೂ ಜಾಸ್ತಿ ಜನ. ಬಹುಪಾಲು ಅಫ್ಘಾನಿಸ್ತಾನದ ಹಜಾರಾ ಸಮುದಾಯದವರು, ತಾಲಿಬಾನ್ ಕೈಯಿಂದ ತಪ್ಪಿಸಿಕೊಂಡು ಬಂದವರು. ಮೇಲೆ ಆಸ್ಟ್ರೇಲಿಯಾದ ವಿಮಾನ ಹಾರಿಹೋದಾಗ ಹೆಂಗಸರ ಬಿಳಿ ತಲೆವಸ್ತ್ರಗಳ ಮೇಲೆ ಎಂಜಿನ್ ಆಯಿಲ್‌ನಿಂದ 'ಹೆಲ್ಪ್' ಅಂತ ಬರೆದು ಎತ್ತಿ ಹಿಡಿದರು. ಆಗಸ್ಟ್ 26ರಂದು ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರದ ಕರೆಯ ಮೇಲೆ ನಾರ್ವೆಯ ಸರಕು ಹಡಗು ಟ್ಯಾಂಪಾ ಅಲ್ಲಿಗೆ ಹೋಯಿತು. 433 ಆಶ್ರಯ ಕೋರಿದವರನ್ನೂ ಐದು ಮಂದಿ ದೋಣಿಯವರನ್ನೂ ಮೇಲೆ ಹತ್ತಿಸಿಕೊಂಡಿತು. ಹಡಗಿನ ಸ್ವಂತ ಸಿಬ್ಬಂದಿ ಇದ್ದದ್ದು ಇಪ್ಪತ್ತೇಳು ಜನ. ಬಂದವರು ಡೆಕ್ ಮೇಲೆ ಕಂಟೇನರ್‌ಗಳ ಸಂದಿಯಲ್ಲಿ ಮಲಗಿದರು.

ಕ್ಯಾಪ್ಟನ್ ಆರ್ನೆ ರಿನ್ನನ್ ಮೊದಲು ಇಂಡೋನೇಷ್ಯಾ ಕಡೆ ತಿರುಗಿದರು. ಹತ್ತಿದವರು ಸಿಟ್ಟಿಗೆದ್ದರು, ಹಿಂದಕ್ಕೆ ಒಯ್ದರೆ ಸಮುದ್ರಕ್ಕೆ ಹಾರುತ್ತೇವೆ ಅಂದರು. ಇದನ್ನು ಮುಚ್ಚಿಡಬೇಕಿಲ್ಲ, ಸರ್ಕಾರ ಮುಂದೆ ಇದನ್ನೇ ದೊಡ್ಡದು ಮಾಡಿತು. ಹಡಗು ಹತ್ತಿರದ ಕ್ರಿಸ್ಮಸ್ ದ್ವೀಪದ ಕಡೆ ಹೊರಟಿತು. ಆ ದ್ವೀಪ ಆಸ್ಟ್ರೇಲಿಯಾದ್ದು. ಪ್ರಧಾನಿ ಜಾನ್ ಹೊವಾರ್ಡ್ ಸರ್ಕಾರ ಒಳಗೆ ಬಿಡುವುದಿಲ್ಲ ಅಂದಿತು. ಕ್ಯಾಪ್ಟನ್ ಮೂರು ದಿನ ಕಾದರು. ಡೆಕ್ ಮೇಲೆ ಕಾಯಿಲೆ ಬಿದ್ದವರಿದ್ದರು, ಗರ್ಭಿಣಿಯರಿದ್ದರು. ಆಗಸ್ಟ್ 29ರಂದು ಅವರು ಅನುಮತಿಯಿಲ್ಲದೆಯೇ ದ್ವೀಪದ ಸಮೀಪಕ್ಕೆ ಹಡಗು ತಂದರು. ಡಾಕ್ಟರ್‌ಗಾಗಿ ಕಾಯುತ್ತಿದ್ದ ಹಡಗಿಗೆ ಸೇನೆಯ ವಿಶೇಷ ಪಡೆಯ 45 ಯೋಧರು ಹತ್ತಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಟ್ಟ ದೋಣಿಯಿಂದ ಇಳಿದವರ ಹತ್ತಿರ ಆಯುಧ ಇರಲಿಲ್ಲ. ಅವರು ಯಾರಿಗೂ ಏನೂ ಮಾಡಿರಲಿಲ್ಲ. ಆದರೆ ಟಿವಿಯಲ್ಲಿ ನೋಡುವವರ ಮನಸ್ಸು ಸಹಜವಾಗಿ ಲೆಕ್ಕ ಹಾಕುತ್ತದೆ: ವಿಶೇಷ ಪಡೆ ಕಳಿಸಿದ್ದಾರೆ ಅಂದಮೇಲೆ ಅಲ್ಲಿ ಏನೋ ಅಪಾಯ ಇರಲೇಬೇಕು. ಅಪಾಯ ಇದ್ದರೆ ಸೇನೆ ಹೋಗುತ್ತದೆ ಅಂತ ನಾವು ತಿಳಿದಿರುತ್ತೇವೆ. ಅಲ್ಲಿ ಆದದ್ದು ಉಲ್ಟಾ. ಸೇನೆ ಹೋದದ್ದರಿಂದಲೇ ಅದು ಅಪಾಯ ಅಂತ ಕಾಣತೊಡಗಿತು.

ಅದೇ ಸಂಜೆ ಸಂಸತ್ತಿನಲ್ಲಿ ಗಡಿ ರಕ್ಷಣೆಯ ಮಸೂದೆ ಬಂತು. ಹಡಗನ್ನು ಬಲ ಉಪಯೋಗಿಸಿ ಹೊರಗೆ ಒಯ್ಯುವ ಅಧಿಕಾರ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅನ್ನುವ ಕಲಮು, ಅದೂ ಆ ದಿನ ಬೆಳಗ್ಗೆಯಿಂದಲೇ ಅನ್ವಯ. ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅವತ್ತು ಅದನ್ನು ಒಪ್ಪಲಿಲ್ಲ, ವಿರೋಧ ಪಕ್ಷವಾಗಿದ್ದ ಲೇಬರ್ ಬೇಡ ಅಂದಿತು. ಆದರೆ ಕೆಲವೇ ವಾರಗಳಲ್ಲಿ, ಅಮೆರಿಕದ ಮೇಲೆ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ, ಅದೇ ಪಕ್ಷದ ಬೆಂಬಲದಿಂದ ಹೆಚ್ಚು ಕಡಿಮೆ ಅದೇ ಬಗೆಯ ಕಾನೂನುಗಳು ಪಾಸಾದವು.

ಇದನ್ನು ಅಧ್ಯಯನ ಮಾಡುವವರು ಈ ಪ್ರಕ್ರಿಯೆಗೆ ಒಂದು ಹೆಸರು ಇಟ್ಟಿದ್ದಾರೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕೆಲಸ ಮಾಡುತ್ತಿದ್ದ ಓಲೆ ವೇವರ್ ಮತ್ತು ಜೊತೆಗಾರರು ಅದನ್ನು ಸೆಕ್ಯುರಿಟೈಸೇಶನ್ ಅಂದರು. ಕನ್ನಡದಲ್ಲಿ ಸರಳವಾಗಿ 'ಭದ್ರತೆಯ ಪ್ರಶ್ನೆ ಮಾಡುವುದು' ಅನ್ನಬಹುದು. ಅವರ ವಾದ ಇಷ್ಟು. ಅಧಿಕಾರದಲ್ಲಿರುವವರು ಒಂದು ವಿಷಯದ ಬಗ್ಗೆ 'ಇದು ನಮ್ಮ ಅಳಿವು ಉಳಿವಿನ ಪ್ರಶ್ನೆ' ಅನ್ನುತ್ತಾರೆ. ಜನ ಒಪ್ಪಿಬಿಟ್ಟರೆ ಆ ವಿಷಯ ಮಾಮೂಲಿ ರಾಜಕೀಯದಿಂದ ಆಚೆ ಹೋಗುತ್ತದೆ. ಮಾಮೂಲಿ ದಿನಗಳಲ್ಲಿ ಒಪ್ಪದ ಕೆಲಸಗಳಿಗೆ ಆಗ ದಾರಿ ಆಗುತ್ತದೆ: ರಾತ್ರೋರಾತ್ರಿ ಕಾನೂನು, ಕೋರ್ಟಿಗೆ ತಡೆ, ಸುದ್ದಿಗೆ ತಡೆ. ವೀಸಾ ಎಷ್ಟು ಕೊಡಬೇಕು, ಅರ್ಜಿ ಎಷ್ಟು ಬೇಗ ತೀರ್ಮಾನ ಆಗಬೇಕು ಅನ್ನುವ ಚರ್ಚೆಗೆ ಜಾಗವೇ ಇರುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಅಂದಾಗ ನೀರಿನ ಬಿಲ್ ಬಗ್ಗೆ ಯಾರು ಮಾತಾಡುತ್ತಾರೆ?

ಈ ವಾದ ಎಲ್ಲವನ್ನೂ ಹೇಳುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಭಾಷಣ ಒಂದೇ ಸಾಲದು. ನಾನು ಗಮನಿಸಿದ ಹಾಗೆ, ಈ ಕೆಲಸ ನಡೆಯುವುದು ಎದುರಿಗಿರುವ ಮನುಷ್ಯನ ಮುಖ ಕಾಣದಂತೆ ಮಾಡುವುದರಿಂದ. ಹೆಸರು, ಚಿತ್ರ, ಜಾಗ ಮೂರರಲ್ಲೂ ಅದೇ ಕೆಲಸ ನಡೆಯುತ್ತದೆ.

ಹೆಸರು ನೋಡಿ. ಆಸ್ಟ್ರೇಲಿಯಾದ ನೌಕಾಪಡೆ ಬರುವ ದೋಣಿಗಳಿಗೆ ಕೊಡುತ್ತಿದ್ದ ಹೆಸರು ಸೀವ್. ಬಿಡಿಸಿದರೆ 'ಅಕ್ರಮವಾಗಿ ಒಳಬರುತ್ತಿದೆ ಎಂದು ಶಂಕಿಸಲಾದ ಹಡಗು' ಅಂತ. ಪಕ್ಕಕ್ಕೊಂದು ನಂಬರ್: ಸೀವ್ 1, ಸೀವ್ 2, ಹೀಗೆ. ದೋಣಿಯಲ್ಲಿ ಯಾರಿದ್ದಾರೆ ಅಂತ ನೋಡುವ ಮೊದಲೇ ಅದರ ಹೆಸರಿನಲ್ಲಿ ತಪ್ಪು ಸೇರಿಹೋಗಿದೆ. 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ ಹೇಳುವುದು ಏನು ಗೊತ್ತಾ? ಜೀವಭಯದಿಂದ ನೇರವಾಗಿ ಓಡಿಬಂದವರು ಕಾಗದಪತ್ರ ಇಲ್ಲದೆ ಒಳಬಂದರೂ, ತಡಮಾಡದೆ ಅಧಿಕಾರಿಗಳ ಮುಂದೆ ಹೋಗಿ ಕಾರಣ ಹೇಳಿದರೆ, ಅದಕ್ಕೆ ಶಿಕ್ಷೆ ಕೊಡುವಂತಿಲ್ಲ. ಆಸ್ಟ್ರೇಲಿಯಾ ಅದಕ್ಕೆ ಸಹಿ ಹಾಕಿದ ದೇಶ.

ನಮ್ಮ ಭಾಷೆಯಲ್ಲೂ ಇದನ್ನು ಗಮನಿಸಬಹುದು. ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬರುವವರನ್ನು 'ಗುಳೆ ಬಂದವರು' ಅನ್ನುತ್ತೇವೆ. ಆ ಪದ ಕೇಳಿದರೆ ತಲೆಮೇಲೆ ಗಂಟು, ಕಂಕುಳಲ್ಲಿ ಮಗು, ಬಸ್ ಸ್ಟ್ಯಾಂಡ್ ಎಲ್ಲ ಕಣ್ಮುಂದೆ ಬರುತ್ತದೆ. ಅದೇ ಸ್ಥಿತಿಯಲ್ಲಿ ಗಡಿ ದಾಟಿ ಬಂದವರಿಗೆ ಪತ್ರಿಕೆಗಳಲ್ಲಿ 'ನುಸುಳುಕೋರರು' ಅನ್ನುವ ಪದ ಬರುತ್ತದೆ. ಆ ಪದ ಕೇಳಿದರೆ ಕತ್ತಲು ಕಾಣುತ್ತದೆ, ಬೇಲಿ ಕಾಣುತ್ತದೆ. ಮಗು ಕಾಣುವುದಿಲ್ಲ. 'ಪರದೇಶಿ' ಅನ್ನುವ ಪದವನ್ನೇ ತಗೊಳ್ಳಿ. ಬೇರೆ ದೇಶದವನು ಅಂತ ಅದರ ಮೂಲ ಅರ್ಥ. ನಮ್ಮ ಹಳ್ಳಿಗಳಲ್ಲಿ ಮಾತ್ರ ಅದು ದಿಕ್ಕಿಲ್ಲದವನು, ಹಿಂದೆ ಮುಂದೆ ಯಾರೂ ಇಲ್ಲದವನು ಅಂತ ಆಯ್ತು. ಹೊರಗಿನವನನ್ನು ಕಂಡಾಗ ನಮ್ಮ ಅಜ್ಜಿಯರಿಗೆ ಮೊದಲು ಹೊಳೆದದ್ದು ಭಯಕ್ಕಿಂತ ಜಾಸ್ತಿ 'ಅಯ್ಯೋ ಪಾಪ' ಅನ್ನುವ ಭಾವನೆ ಅಂತ ಆ ಪದ ಹೇಳುತ್ತಿದೆ ಅಂದುಕೊಂಡಿದ್ದೇನೆ.

ಈಗ ಚಿತ್ರಕ್ಕೆ ಬರೋಣ. 2001ರ ಅಕ್ಟೋಬರ್ ಮೊದಲ ವಾರದಲ್ಲಿ ಅಡಿಲೇಡ್ ಅನ್ನುವ ಯುದ್ಧನೌಕೆ ಕ್ರಿಸ್ಮಸ್ ದ್ವೀಪದ ಹತ್ತಿರ ಸೀವ್ 4 ಅನ್ನು ತಡೆಯಿತು. ಒಳಗೆ 223 ಜನ. ಎಚ್ಚರಿಕೆಯ ಗುಂಡು ಹಾರಿಸಿದರು. ಗದ್ದಲದಲ್ಲಿ ಕೆಲವರು ನೀರಿಗೆ ಹಾರಿದರು, ಒಬ್ಬರು ಮಗುವನ್ನು ಅಂಚಿಗೆ ಎತ್ತಿ ಹಿಡಿದದ್ದೂ ಕಂಡಿತು. ಫೋನಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವಷ್ಟರಲ್ಲಿ ಅದು 'ಮಕ್ಕಳನ್ನು ಎಸೆದರು' ಅಂತ ಆಯ್ತು. ಅಕ್ಟೋಬರ್ 7ರಂದೇ ವಲಸೆ ಸಚಿವ ಫಿಲಿಪ್ ರಡಕ್ ಅದನ್ನು ಪತ್ರಕರ್ತರಿಗೆ ಹೇಳಿದರು. ಎರಡು ದಿನ ಹಿಂದಷ್ಟೇ ಚುನಾವಣೆ ಘೋಷಣೆ ಆಗಿತ್ತು. ಮಾರನೆಯ ದಿನ ಆ ದೋಣಿ ಮುಳುಗಿತು. ನೌಕಾಪಡೆಯವರು ನೀರಿಗೆ ಹಾರಿ ಎಲ್ಲ 223 ಜನರನ್ನೂ ಉಳಿಸಿದರು. ಯಾರಿಗೇ ಆದರೂ ಹೆಮ್ಮೆ ಆಗುವ ಕೆಲಸ ಅದು. ಅಲ್ಲಿ ತೆಗೆದದ್ದೇ ನಾನು ಮೊದಲು ಹೇಳಿದ ಫೋಟೋ.

10ನೇ ತಾರೀಕು ರಕ್ಷಣಾ ಸಚಿವ ಪೀಟರ್ ರೀತ್ ಆ ಫೋಟೋಗಳನ್ನು ಹೊರಗೆ ಬಿಟ್ಟರು. ಯಾವ ದಿನದ್ದು, ಏನು ನಡೆಯುತ್ತಿದೆ ಅನ್ನುವ ವಿವರ ಅವುಗಳ ಜೊತೆ ಇರಲಿಲ್ಲ. 7ನೇ ತಾರೀಕಿನ ಘಟನೆಗೆ ಪುರಾವೆ ಅಂತ ಅವು ಪತ್ರಿಕೆಗಳಲ್ಲಿ ಅಚ್ಚಾದವು. ತಪ್ಪಾಗಿದೆ ಅಂತ ನೌಕಾಪಡೆಯ ಒಳಗೆ ಬೇಗನೇ ಗೊತ್ತಾಯಿತು. ನವೆಂಬರ್ 7ರಂದು ಆಗ ಸೇನಾ ಮುಖ್ಯಸ್ಥರ ಜಾಗದಲ್ಲಿ ತಾತ್ಕಾಲಿಕವಾಗಿ ಕೂತಿದ್ದ ಆಂಗಸ್ ಹ್ಯೂಸ್ಟನ್ ಸಚಿವರಿಗೆ ಫೋನ್ ಮಾಡಿ ಮಕ್ಕಳನ್ನು ಎಸೆದದ್ದಕ್ಕೆ ಸಾಕ್ಷಿ ಇಲ್ಲ ಅಂದರು. ಮೂರು ದಿನ ಕಳೆದರೆ ಮತದಾನ. ಸರ್ಕಾರ ತನ್ನ ಮಾತು ತಿದ್ದಿಕೊಳ್ಳಲಿಲ್ಲ. ಆ ವರ್ಷದ ಆರಂಭದಲ್ಲಿ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದ ಹೊವಾರ್ಡ್ ನವೆಂಬರ್ 10ರಂದು ಗೆದ್ದರು. ಮಕ್ಕಳನ್ನು ಯಾರೂ ಎಸೆದಿರಲಿಲ್ಲ ಅಂತ ಸೆನೆಟ್ ಸಮಿತಿ ವರದಿ ಕೊಟ್ಟದ್ದು 2002ರ ಅಕ್ಟೋಬರ್‌ನಲ್ಲಿ.

ಆ ಸಮಿತಿಯ ಮುಂದೆ ಬಂದ ಒಂದು ಸಾಕ್ಷ್ಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರಕ್ಷಣಾ ಇಲಾಖೆಯ ಪ್ರಚಾರ ವಿಭಾಗದ ಅಧಿಕಾರಿಯೊಬ್ಬರು ಹೇಳಿದ್ದು ಇದು: ದೋಣಿಯಲ್ಲಿ ಬಂದವರನ್ನು ಮನುಷ್ಯರಾಗಿ, ವ್ಯಕ್ತಿಗಳಾಗಿ ತೋರಿಸುವಂಥ ಚಿತ್ರ ತೆಗೆಯಬಾರದು ಅಂತ ಸಚಿವರ ಕಚೇರಿಯಿಂದ ಸೂಚನೆ ಬಂದಿತ್ತು. ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮುಖ ಕಂಡರೆ ಭಯ ಉಳಿಯುವುದಿಲ್ಲ ಅಂತ ಆ ಕಚೇರಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯದು ಜಾಗ. ಟ್ಯಾಂಪಾದಲ್ಲಿದ್ದ ಹೆಚ್ಚಿನವರನ್ನು ಸರ್ಕಾರ ನೌರು ಅನ್ನುವ ಪುಟ್ಟ ದ್ವೀಪ ದೇಶಕ್ಕೆ ಒಯ್ದಿತು. ಇಡೀ ದೇಶ ಸುಮಾರು 21 ಚದರ ಕಿಲೋಮೀಟರ್. ಫಾಸ್ಫೇಟ್ ಗಣಿಯಿಂದ ಬರಡಾಗಿ, ದುಡ್ಡಿಲ್ಲದೆ ನಿಂತಿದ್ದ ದೇಶ. ಇನ್ನೊಂದು ಶಿಬಿರ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪದಲ್ಲಿ. ಜೊತೆಗೆ ಕ್ರಿಸ್ಮಸ್ ದ್ವೀಪದಂಥ ತನ್ನದೇ ನೆಲವನ್ನು ವಲಸೆ ಕಾನೂನಿನ ಮಟ್ಟಿಗೆ ಆಸ್ಟ್ರೇಲಿಯಾ ತನ್ನ ವಲಯದಿಂದ ಹೊರಗಿಟ್ಟಿತು. ಅಲ್ಲಿ ಕಾಲಿಟ್ಟರೂ ಆಶ್ರಯದ ಅರ್ಜಿ ಹಾಕುವ ಹಕ್ಕು ಇರುವುದಿಲ್ಲ. 2013ರಲ್ಲಿ, ಲೇಬರ್ ಸರ್ಕಾರದ ಕಾಲದಲ್ಲಿ, ದೋಣಿಯಲ್ಲಿ ಬಂದವರ ಪಾಲಿಗೆ ಇಡೀ ಮುಖ್ಯಭೂಮಿಗೇ ಈ ನಿಯಮ ಹಾಕಿದರು. ಒಂದು ದೇಶ ತನ್ನ ಸಂಪೂರ್ಣ ನೆಲವನ್ನು ಒಂದು ಗುಂಪಿನ ಜನರ ಮಟ್ಟಿಗೆ ತನ್ನದಲ್ಲ ಅಂತ ಕಾನೂನಿನಲ್ಲಿ ಬರೆದುಕೊಂಡಿತು. ದೂರ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ವಕೀಲರು ಹೋಗುವುದು ಕಷ್ಟ, ಪತ್ರಕರ್ತರು ಹೋಗುವುದು ಇನ್ನೂ ಕಷ್ಟ.

ಇದು ಹೊವಾರ್ಡ್ ಒಬ್ಬರ ಕೆಲಸ ಅಂದುಕೊಳ್ಳಬೇಡಿ. ವೀಸಾ ಇಲ್ಲದೆ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿ ಇಡುವ ಕಾನೂನು 1992ರಲ್ಲಿ ಲೇಬರ್ ಸರ್ಕಾರ ತಂದದ್ದು. ಲೇಬರ್ ಪ್ರಧಾನಿ ಕೆವಿನ್ ರಡ್ 2008ರಲ್ಲಿ ನೌರು ಶಿಬಿರ ಮುಚ್ಚಿದರು, 2012ರಲ್ಲಿ ಅವರದೇ ಪಕ್ಷ ಮತ್ತೆ ತೆರೆಯಿತು, 2013ರ ಜುಲೈನಲ್ಲಿ ಅವರೇ ದೋಣಿಯಲ್ಲಿ ಬಂದವರು ಯಾರೂ ಇನ್ನು ಆಸ್ಟ್ರೇಲಿಯಾದಲ್ಲಿ ನೆಲೆಸುವಂತಿಲ್ಲ ಅಂದರು. ಒಂದು ಪಕ್ಷ 'ಭದ್ರತೆ' ಅಂದ ಮೇಲೆ ಇನ್ನೊಂದಕ್ಕೆ ಅದಕ್ಕಿಂತ ಮೆತ್ತಗೆ ಮಾತಾಡಲು ಭಯ. ಬೇರೆ ಕೆಲವು ದೇಶಗಳಲ್ಲೂ ಹೀಗೆ ಆಗಿದೆ.

ಅದೇ ವರ್ಷ ಹೊವಾರ್ಡ್ ಪಕ್ಷದ ಟೋನಿ ಅಬಾಟ್ ಗೆದ್ದು ಪ್ರಧಾನಿಯಾಗಿ ಬಂದು ಶುರು ಮಾಡಿದ ಯೋಜನೆಯ ಹೆಸರೇ ಸೇನಾ ಕಾರ್ಯಾಚರಣೆಯದು: ಆಪರೇಷನ್ ಸಾವರಿನ್ ಬಾರ್ಡರ್ಸ್. ಅದರ ಮೊದಲ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ದರ್ಜೆಯ ಸೇನಾಧಿಕಾರಿ. ದೋಣಿಗಳ ಬಗ್ಗೆ ಪತ್ರಕರ್ತರು ಕೇಳಿದರೆ 'ನೀರಿನ ಮೇಲಿನ ವಿಷಯಗಳ' ಬಗ್ಗೆ ಮಾತಾಡುವುದಿಲ್ಲ ಅನ್ನುವ ಉತ್ತರ. 2015ರ ಕಾನೂನಿನಲ್ಲಿ ಶಿಬಿರದ ಒಳಗಿನ ಮಾಹಿತಿ ಹೊರಗೆ ಹೇಳಿದ ನೌಕರರಿಗೆ ಎರಡು ವರ್ಷ ಜೈಲಿನ ಭಯ ಇಟ್ಟರು. ಡಾಕ್ಟರುಗಳು ದೊಡ್ಡ ಗಲಾಟೆ ಮಾಡಿ ಕೋರ್ಟಿಗೆ ಹೋದ ಮೇಲೆ ಅವರನ್ನು ಮರುವರ್ಷ ಅದರಿಂದ ಬಿಟ್ಟರು.

ಸರ್ಕಾರಿ ಬೋರ್ಡುಗಳನ್ನು ಓದಿದರೂ ಕಥೆ ಗೊತ್ತಾಗುತ್ತದೆ. 1945ರಲ್ಲಿ ಶುರುವಾದಾಗ ಅದು ಬರೀ ವಲಸೆ ಇಲಾಖೆ. ಜನ ಬೇಕಿತ್ತು, ಕರೆಸುವುದೇ ಅದರ ಕೆಲಸ. 1996ರಲ್ಲಿ ವಲಸೆ ಮತ್ತು ಬಹುಸಂಸ್ಕೃತಿ ವ್ಯವಹಾರಗಳ ಇಲಾಖೆ. 2007ರಲ್ಲಿ ವಲಸೆ ಮತ್ತು ಪೌರತ್ವ ಇಲಾಖೆ. 2013ರಲ್ಲಿ ವಲಸೆ ಮತ್ತು ಗಡಿ ರಕ್ಷಣೆ ಇಲಾಖೆ. 2017ರಲ್ಲಿ ಗೃಹ ಇಲಾಖೆಯೊಳಗೆ ಸೇರಿಹೋಯಿತು. ನಿಮ್ಮ ಪಿಆರ್ ಪತ್ರ ಬಂದದ್ದೂ ಈ ಬೋರ್ಡುಗಳಲ್ಲಿ ಒಂದರ ಕೆಳಗಿನಿಂದಲೇ. ಒಮ್ಮೆ ತೆಗೆದು ನೋಡಿ.

ಸರಿ, ನಿಜವಾದ ಅಪಾಯ ಏನೂ ಇಲ್ಲವೇ? ನಿಮ್ಮ ಪ್ರಶ್ನೆಯ ಈ ಭಾಗಕ್ಕೆ ಜಾರಿಕೊಳ್ಳದೆ ಉತ್ತರಿಸಬೇಕು. ಒಳಗೆ ಬರುವವರು ಯಾರು ಅಂತ ತಿಳಿಯುವ ಹಕ್ಕು ಪ್ರತಿ ದೇಶಕ್ಕೂ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಜನರಿಂದ ದುಡ್ಡು ಕಿತ್ತು ಹಳೇ ದೋಣಿಗೆ ತುಂಬುವ ದಲ್ಲಾಳಿಗಳು ಇದ್ದಾರೆ, ಅವರು ಕ್ರೂರಿಗಳು. ಸೆಪ್ಟೆಂಬರ್ 11ರ ಎರಡು ದಿನ ನಂತರ ರೀತ್ ಅವರು ಈ ದೋಣಿಗಳ ದಾರಿಯಲ್ಲಿ ಭಯೋತ್ಪಾದಕರೂ ಬರಬಹುದು ಅಂದರು. ಕೇಳಲು ತರ್ಕಬದ್ಧ ಅನ್ನಿಸುತ್ತದೆ. ಆದರೆ ಅಮೆರಿಕದ ಮೇಲೆ ದಾಳಿ ಮಾಡಿದ 19 ಜನರೂ ವಿಮಾನದಲ್ಲಿ, ಅಮೆರಿಕವೇ ಕೊಟ್ಟ ವೀಸಾ ಹಿಡಿದು ಒಳಗೆ ಹೋದವರು. ದಿನಗಟ್ಟಲೆ ಸಮುದ್ರದಲ್ಲಿ ಸಾವಿನ ಜೊತೆ ಆಡಿ, ತಲುಪಿದ ಕೂಡಲೇ ಬಂಧನಕ್ಕೆ ಹೋಗಿ, ತಿಂಗಳುಗಟ್ಟಲೆ ವಿಚಾರಣೆ ಎದುರಿಸುವ ದಾರಿಯನ್ನು ಕೇಡು ಮಾಡಲು ಹೊರಟವನು ಯಾಕೆ ಹಿಡಿಯುತ್ತಾನೆ?

ಇನ್ನೊಂದು ಲೆಕ್ಕ. 2001ರಲ್ಲಿ ದೋಣಿಯಲ್ಲಿ ಬಂದವರು ಸುಮಾರು 5,500 ಜನ. ಅದೇ ಹೊತ್ತಿನಲ್ಲಿ ವೀಸಾ ಮುಗಿದ ಮೇಲೂ ಆಸ್ಟ್ರೇಲಿಯಾದಲ್ಲೇ ಉಳಿದಿದ್ದವರು ಸುಮಾರು 60 ಸಾವಿರ. ಅವರಲ್ಲಿ ಬ್ರಿಟನ್, ಅಮೆರಿಕದಿಂದ ವಿಮಾನದಲ್ಲಿ ಬಂದವರೂ ಬೇಕಾದಷ್ಟು ಜನ. ಅವರಿಗಾಗಿ ಯಾರೂ ಯುದ್ಧನೌಕೆ ಕಳಿಸಲಿಲ್ಲ. 2008ರವರೆಗೆ ನೌರು ಮತ್ತು ಮಾನುಸ್‌ಗೆ ಒಯ್ದ 1,637 ಜನರಲ್ಲಿ ಸುಮಾರು ನೂರಕ್ಕೆ 70 ಮಂದಿಗೆ ಕೊನೆಗೆ ಆಸ್ಟ್ರೇಲಿಯಾದಲ್ಲೋ ಬೇರೆ ದೇಶಗಳಲ್ಲೋ ನೆಲೆ ಸಿಕ್ಕಿತು. ಅಪಾಯ ಅಂತ ದೂರ ಇಟ್ಟವರಲ್ಲಿ ಬಹಳಷ್ಟು ಜನ ನಿಮ್ಮ ಅಕ್ಕಪಕ್ಕದವರೇ ಆದರು.

ಸರ್ಕಾರದ ಇನ್ನೊಂದು ವಾದ ಇದೆ, ಅದು ಗಟ್ಟಿಯಾದದ್ದು. 'ದೋಣಿ ನಿಲ್ಲಿಸಿದರೆ ಜೀವ ಉಳಿಯುತ್ತದೆ.' 2008ರಿಂದ 2013ರ ನಡುವೆ ಆ ಸಮುದ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2014ರ ಹೊತ್ತಿಗೆ ದೋಣಿಗಳು ಬಹುಮಟ್ಟಿಗೆ ನಿಂತವು, ಇದೂ ನಿಜ. ಈ ವಾದವನ್ನು ಸುಮ್ನೆ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಆದರೆ 2001ರ ಅಕ್ಟೋಬರ್ 19ರಂದು ಮುಳುಗಿದ, ಆಮೇಲೆ ಸೀವ್ ಎಕ್ಸ್ ಅಂತ ಕರೆದ ದೋಣಿಯನ್ನು ನೆನಪು ಮಾಡಿಕೊಳ್ಳಿ. ಸತ್ತವರು 353 ಜನ. ಅದರಲ್ಲಿ 146 ಮಕ್ಕಳು. ಯಾಕೆ ಅಷ್ಟು ಮಕ್ಕಳು? 1999ರಲ್ಲಿ ಸರ್ಕಾರ ದೋಣಿಯಲ್ಲಿ ಬಂದ ನಿರಾಶ್ರಿತರಿಗೆ ತಾತ್ಕಾಲಿಕ ವೀಸಾ ಮಾತ್ರ ಕೊಡಲು ಶುರು ಮಾಡಿತ್ತು. ಆ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಗಂಡಸರು ಸಿಡ್ನಿಯಲ್ಲಿ, ಸಂಸಾರ ಇಂಡೋನೇಷ್ಯಾದಲ್ಲಿ. ಗಂಡನನ್ನು ಸೇರಲು ಹೆಂಗಸರಿಗೆ ಉಳಿದದ್ದು ದೋಣಿ ಒಂದೇ. ಜನ ಬರದಿರಲಿ ಅಂತ ಮಾಡಿದ ನಿಯಮ ಹೆಂಗಸರನ್ನೂ ಮಕ್ಕಳನ್ನೂ ದೋಣಿ ಹತ್ತಿಸಿತು.

ಈಗ ನಿಮ್ಮ ಗೆಳೆಯರ ವಿಷಯ. ಅವರ ಸಿಟ್ಟಿಗೆ ಕಾರಣ ಏನು ಅಂತ ಅರ್ಥ ಆಗುತ್ತದೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು, ಅಪ್ಪನ ಹೆಸರಿನಲ್ಲಿ ಸಾಲ ಮಾಡಿ ಫೀಸು ಕಟ್ಟಿ, ಪಾಯಿಂಟ್ಸ್ ಲೆಕ್ಕ ಹಾಕಿ, ವರ್ಷಗಟ್ಟಲೆ ಕಾದವರು ಅವರು. 'ದೋಣಿಯವರು ಕ್ಯೂ ತಪ್ಪಿಸಿ ಬಂದರು' ಅಂದಾಗ ಅದು ಮನಸ್ಸಿಗೆ ನಾಟುತ್ತದೆ. ಆದರೆ ನಿಮ್ಮ ಗೆಳೆಯರು ನಿಂತ ಕ್ಯೂ ಬೇರೆ. ನೀವು ಬಂದದ್ದು ಕೌಶಲದ ಮೇಲೆ, ದೋಣಿಯವರು ಬರುವುದು ಜೀವಭಯದಿಂದ. ಒಂದರ ಸೀಟು ಇನ್ನೊಂದಕ್ಕೆ ಹೋಗುವುದಿಲ್ಲ. ತಾಲಿಬಾನ್ ಕಾಲದ ಬಾಮಿಯಾನ್‌ನಲ್ಲಿ ಹಜಾರಾ ಮನುಷ್ಯನಿಗೆ ನಿಲ್ಲಲು ಕ್ಯೂ ಎಲ್ಲಿತ್ತು? ಮಾನವೀಯ ನೆಲೆಯ ವೀಸಾಗಳಲ್ಲಿ ಮಾತ್ರ ಒಂದು ಲೆಕ್ಕ ಇತ್ತು. ಆಸ್ಟ್ರೇಲಿಯಾದ ಒಳಗೆ ಅರ್ಜಿ ಹಾಕಿ ಆಶ್ರಯ ಪಡೆದ ಪ್ರತಿಯೊಬ್ಬರಿಗೂ ಹೊರಗಿನ ಶಿಬಿರಗಳಿಂದ ಕರೆತರುವ ಒಂದು ಜಾಗ ಕಡಿಮೆ. ಅದು ಪ್ರಕೃತಿ ನಿಯಮ ಅಲ್ಲ, 1996ರಲ್ಲಿ ಸರ್ಕಾರ ಮಾಡಿದ ತೀರ್ಮಾನ. ಒಂದೇ ತಟ್ಟೆಯಿಂದ ತಿನ್ನಿ ಅಂತ ಇಬ್ಬರು ಹಸಿದವರಿಗೆ ಹೇಳಿ, ಆಮೇಲೆ ಒಬ್ಬ ಇನ್ನೊಬ್ಬನ ಅನ್ನ ಕದ್ದ ಅಂದ ಹಾಗಾಯಿತು.

ಗೆಳೆಯರಿಗೆ ಇನ್ನೊಂದು ವಿಷಯವೂ ಹೇಳಿ. 1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟ ಆದ ವರ್ಷವೇ ತಂದ ವಲಸೆ ಕಾನೂನು ನಮ್ಮಂಥ ಬಣ್ಣದವರನ್ನು ಹೊರಗಿಡಲು ಮಾಡಿದ್ದು. ಬಾಗಿಲಲ್ಲಿ ಒಂದು ಉಕ್ತಲೇಖನ ಪರೀಕ್ಷೆ. ಅಧಿಕಾರಿ ಯೂರೋಪಿನ ಯಾವ ಭಾಷೆಯಲ್ಲಿ ಬೇಕಾದರೂ ಐವತ್ತು ಪದ ಹೇಳಬಹುದು, ಬಂದವರು ತಪ್ಪಿಲ್ಲದೆ ಬರೆಯಬೇಕು. 1934ರಲ್ಲಿ ಎಗೊನ್ ಕಿಶ್ ಅನ್ನುವ ಪತ್ರಕರ್ತರಿಗೆ ಹಲವು ಭಾಷೆ ಬರುತ್ತದೆ ಅಂತ ಗೊತ್ತಾಗಿ ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಪರೀಕ್ಷೆ ಹೋದದ್ದು 1958ರಲ್ಲಿ, ಬಿಳಿಯರಿಗೆ ಮಾತ್ರ ಅನ್ನುವ ನೀತಿಯ ಕೊನೆಯ ಅಂಶಗಳು ಹೋದದ್ದು 1973ರಲ್ಲಿ. ಅವತ್ತು ಅಪಾಯ ಅಂತ ಪಟ್ಟಿಯಲ್ಲಿದ್ದವರು ನಾವು. 1976ರಲ್ಲಿ ವಿಯೆಟ್ನಾಂನಿಂದ ಮೊದಲ ದೋಣಿ ಡಾರ್ವಿನ್‌ಗೆ ಬಂದಾಗ ಬೇರೆ ಸರ್ಕಾರ ಇತ್ತು, ಮಾಲ್ಕಮ್ ಫ್ರೇಸರ್ ಅವರದು. ಆಗಲೂ ಬೈದವರಿದ್ದರು. ಆದರೆ ಆ ಸರ್ಕಾರ ಅದನ್ನು ಭದ್ರತೆಯ ಪ್ರಶ್ನೆ ಮಾಡಲಿಲ್ಲ. ಮುಂದಿನ ವರ್ಷಗಳಲ್ಲಿ ಹತ್ತಾರು ಸಾವಿರ ಜನರನ್ನು ಶಿಬಿರಗಳಿಂದ ವಿಮಾನದಲ್ಲೇ ಕರೆತಂದು ನೆಲೆ ಕೊಟ್ಟಿತು. ಆಗ ಇದ್ದದ್ದು ಇದೇ ದೇಶ, ಇದೇ ಕಡಲು.

ನಮ್ಮಲ್ಲೂ ಎರಡೂ ಬಗೆ ಇದೆ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಹಾಗಾಗಿ ಯಾರನ್ನು ಹೇಗೆ ಕರೆಯುತ್ತೇವೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. 1959ರ ನಂತರ ಬಂದ ಟಿಬೆಟಿಯನ್ನರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡದಲ್ಲಿ ಜಮೀನು ಕೊಟ್ಟಿತು. ಕಾಡು ಕಡಿದು ಜೋಳ ಬೆಳೆದರು, ಮಠ ಕಟ್ಟಿದರು. ಕುಶಾಲನಗರದ ಅಂಗಡಿಯಲ್ಲಿ ಅವರ ಮಕ್ಕಳು ಕನ್ನಡದಲ್ಲೇ ಚೌಕಾಸಿ ಮಾಡುವುದನ್ನು ನಾನೇ ಕೇಳಿದ್ದೇನೆ. 2017ರಲ್ಲಿ ರೊಹಿಂಗ್ಯಾಗಳ ವಿಷಯದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಬಂದದ್ದು ರಾಷ್ಟ್ರೀಯ ಭದ್ರತೆಯ ಮಾತು. ಎರಡೂ ಗುಂಪು ಕಿರುಕುಳದಿಂದ ಓಡಿಬಂದವರೇ.

ಆಸ್ಟ್ರೇಲಿಯಾದ ಮಾದರಿ ಈಗ ಬೇರೆ ಕಡೆಯೂ ಹೋಗಿದೆ. ಅಬಾಟ್ ಬಳಸಿದ 'ದೋಣಿ ನಿಲ್ಲಿಸಿ' ಅನ್ನುವ ಘೋಷಣೆಯನ್ನು 2023ರಲ್ಲಿ ಬ್ರಿಟನ್ ಪ್ರಧಾನಿ ರಿಷಿ ಸುನಕ್ ಭಾಷಣ ಮಾಡುವ ಮೇಜಿನ ಮುಂದೆ ಅಂಟಿಸಿಕೊಂಡಿದ್ದರು. ಆಶ್ರಯ ಕೋರಿದವರನ್ನು ರುವಾಂಡಾಕ್ಕೆ ಕಳಿಸುವ ಅಲ್ಲಿನ ಯೋಜನೆ ಕಾನೂನಿಗೆ ವಿರುದ್ಧ ಅಂತ ಆ ವರ್ಷ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಮುಂದಿನ ಸಲ ಯಾವುದಾದರೂ ಸರ್ಕಾರ ವಲಸೆಯ ಬಗ್ಗೆ ಭದ್ರತೆ ಅಂದಾಗ ಗೆಳೆಯರ ಜೊತೆ ಕೂತು ಎರಡು ಪ್ರಶ್ನೆ ಕೇಳಿಕೊಳ್ಳಿ. ಬಂದವರ ಮುಖ ನೋಡಲು, ಮಾತು ಕೇಳಲು ನಮಗೆ ಬಿಡುತ್ತಿದ್ದಾರೆಯೇ? ಬಿಡದಿದ್ದರೆ, ತಡೆಯುತ್ತಿರುವವರು ಯಾರು?

ಟ್ಯಾಂಪಾದ ಕಥೆಯಲ್ಲಿ ಒಂದು ತುಂಡು ಬಾಕಿ ಇದೆ. ಆ ಡೆಕ್ ಮೇಲಿದ್ದವರಲ್ಲಿ ಎಲ್ಲರೂ ನೌರುಗೆ ಹೋಗಲಿಲ್ಲ. ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಒಂದಿಷ್ಟು ಜನರನ್ನು ನಾವು ತಗೊಳ್ಳುತ್ತೇವೆ ಅಂದರು. 131 ಜನರನ್ನು ಆಕ್ಲೆಂಡ್‌ಗೆ ಕರೆದುಕೊಂಡು ಹೋದರು. ಅವರಲ್ಲಿ ಅಪ್ಪ ಅಮ್ಮ ಜೊತೆಗಿಲ್ಲದ ಹುಡುಗರೇ ಮೂವತ್ತಕ್ಕೂ ಹೆಚ್ಚು. ಕೆಲವೇ ತಿಂಗಳಲ್ಲಿ ಬಹುತೇಕ ಎಲ್ಲರನ್ನೂ ನಿರಾಶ್ರಿತರು ಅಂತ ಒಪ್ಪಿದರು. ಹುಡುಗರು ಶಾಲೆಗೆ ಸೇರಿದರು. ಮುಂದೆ ಅವರ ಅಪ್ಪ ಅಮ್ಮಂದಿರು, ತಮ್ಮ ತಂಗಿಯರು ಅಫ್ಘಾನಿಸ್ತಾನದಿಂದ ಬಂದು ಸೇರಿಕೊಂಡರು. ಅದೇ ದೋಣಿಯಲ್ಲಿ ಪಕ್ಕದಲ್ಲಿ ಕೂತು ಬಂದಿದ್ದ ಉಳಿದವರು ಆಗ ನೌರುವಿನ ಬಿಸಿಲಿನಲ್ಲಿ ಬೇಲಿಯ ಒಳಗೆ ತಮ್ಮ ಅರ್ಜಿಗೆ ಉತ್ತರ ಕಾಯುತ್ತಿದ್ದರು.